ಆಯುಧ ರಫ್ತು ಮತ್ತು ನಮ್ಮ ಪ್ರತಿನಿಧಿಗಳ ಹೊಣೆ: ಒಂದು ವಿಮರ್ಶೆ

ಒಂದು ನಾಡಿನ ಏಳಿಗೆಯನ್ನು ಅಳೆಯುವ ಮಾನದಂಡಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ನಮ್ಮ ಹಿರಿಯರು ಕಟ್ಟಿಸಿದ ಕೆರೆಗಳನ್ನೂ ತೋಡಿಸಿದ ಬಾವಿಗಳನ್ನೂ ಬಿಟ್ಟ ದತ್ತಿಗಳನ್ನೂ ಎಣಿಸಿ ಆಳುವವನ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದರು. ಹಡಗಲಿ, ಹರಪನಹಳ್ಳಿ ಸೀಮೆಯ ಶಿಲಾಶಾಸನಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಇತ್ತೀಚಿನ ದಶಕದಲ್ಲಿ ನಮ್ಮ ರಾಷ್ಟ್ರದ ಪ್ರಗತಿಯನ್ನು ಸಾರುವ ಅಂಕಿಗಳ ಸಾಲಿಗೆ ಹೊಸದೊಂದು ಅಂಕಿ ಸೇರಿಕೊಂಡಿದೆ. ಅದು ಆಯುಧಗಳ ರಫ್ತಿನ ಅಂಕಿ.

2013-14ರಲ್ಲಿ ನಮ್ಮ ದೇಶ ಹೊರನಾಡುಗಳಿಗೆ ಮಾರಿದ ರಕ್ಷಣಾ ಸಾಮಗ್ರಿಯ ಬೆಲೆ 686 ಕೋಟಿ ರೂಪಾಯಿ. 2023-24ರಲ್ಲಿ ಅದು 21,083 ಕೋಟಿ ರೂಪಾಯಿಗೆ ಏರಿತು. 2024-25ರಲ್ಲಿ 23,622 ಕೋಟಿಯನ್ನು ಮುಟ್ಟಿತು. 2029ರ ಹೊತ್ತಿಗೆ 50,000 ಕೋಟಿ ರೂಪಾಯಿಯ ವಹಿವಾಟನ್ನು ಸಾಧಿಸಬೇಕೆಂಬುದು ಕೇಂದ್ರ ಸರ್ಕಾರದ ಸಂಕಲ್ಪ. ಈ ಏರಿಕೆಯನ್ನು ಸ್ವಾವಲಂಬನೆಯ ಕುರುಹೆಂದು ಕೊಂಡಾಡಲಾಗುತ್ತಿದೆ. ಆಯುಧಕ್ಕಾಗಿ ಅನ್ಯರ ಮುಂದೆ ಕೈಯೊಡ್ಡುತ್ತಿದ್ದ ನಾಡು ತನ್ನ ಅಗತ್ಯವನ್ನು ಹೆಚ್ಚು ಹೆಚ್ಚಾಗಿ ತಾನೇ ಪೂರೈಸಿಕೊಳ್ಳುವಂತಾದುದು ಸಾಧನೆಯೇ ಸರಿ. ಅದನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮಾರಿದ ಸರಕು ಯಾರ ಕೈಸೇರಿತು, ಅವರು ಅದನ್ನು ಯಾರ ಮೇಲೆ ಪ್ರಯೋಗಿಸಿದರು ಎಂಬ ಎರಡು ಪ್ರಶ್ನೆಗಳಿಗೆ ಆ ಅಂಕಿಗಳಲ್ಲಿ ಉತ್ತರವಿಲ್ಲ. ಉತ್ತರವಿಲ್ಲದಿರುವುದಕ್ಕಿಂತಲೂ ಕಳವಳದ ಸಂಗತಿಯೆಂದರೆ, ಆ ಪ್ರಶ್ನೆಗಳನ್ನು ಕೇಳಬೇಕಾದ ಸ್ಥಾನದಲ್ಲಿರುವವರು ಕೇಳದಿರುವುದು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಓದುಗರೆಲ್ಲರಿಗೂ ತಿಳಿದದ್ದೇ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮ ಹೊಗಳಲಿಲ್ಲ. ಈ ಹೆಚ್ಚಿನ ಅಕ್ಕಿ ನಮಗೇಕೆಂದು ಕೇಳಿ ಹಿಂದಿರುಗಿಸಿ ಬರುವಂತೆ ಮಾಡಿದಳು. ಕಾಯಕವೆಂಬುದು ದುಡಿಮೆಯ ಇನ್ನೊಂದು ಹೆಸರು ಮಾತ್ರವಾಗಿದ್ದರೆ ಆ ತಾಯಿಯ ಪ್ರಶ್ನೆಗೆ ಅರ್ಥವಿರುತ್ತಿರಲಿಲ್ಲ. ಗಳಿಕೆ ಎಲ್ಲಿಂದ ಬಂತು, ಯಾವ ಬಗೆಯಲ್ಲಿ ಬಂತು ಎಂದು ವಿಚಾರಿಸುವುದೂ ಕಾಯಕದ ಭಾಗವೆಂದು ಬಗೆದದ್ದರಿಂದಲೇ ಶರಣರ ಆರ್ಥಿಕ ವಿಚಾರಕ್ಕೆ ನೈತಿಕವಾದ ತಳಹದಿ ದೊರೆಯಿತು. 23,622 ಕೋಟಿಯ ಮುಂದೆ ನಿಂತು ಅದೇ ಪ್ರಶ್ನೆಯನ್ನು ಕೇಳುವುದು ಅಧಿಕಪ್ರಸಂಗವೆನಿಸಲಾರದು.

ಈ ವಿಷಯ ದೆಹಲಿಗೆ ಸಂಬಂಧಿಸಿದ್ದು, ಕೂಡ್ಲಿಗಿ ಕೊಟ್ಟೂರುಗಳಿಗೆ ಇದರ ಗೊಡವೆಯೇನು ಎಂದು ಯಾರಾದರೂ ಕೇಳಬಹುದು. ಸಂಬಂಧ ನಾವೆಣಿಸಿದ್ದಕ್ಕಿಂತ ಹತ್ತಿರದ್ದು. ಭಾರತದ ಆಯುಧೋದ್ಯಮದ ದೊಡ್ಡ ಪಾಲು ನಮ್ಮ ಕನ್ನಡ ನೆಲದಲ್ಲಿಯೇ ಇದೆ. ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ಅಲ್ಲಿಯೇ ನೆಲೆಯೂರಿತು. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಕೂಡ್ಲಿಗಿಗೆ ಹೊಂದಿಕೊಂಡ ಮೊಳಕಾಲ್ಮುರು ತಾಲ್ಲೂಕನ್ನು ದಾಟಿದರೆ ಸಿಗುವ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ, ದನಕುರಿಗಳು ಮೇಯುತ್ತಿದ್ದ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆ ಮೊದಲಾದ ಸಂಸ್ಥೆಗಳ ವಶವಾಗಿದೆ. 2017ರಲ್ಲಿ ಅಲ್ಲಿ ಮಾನವರಹಿತ ವಿಮಾನಗಳ ಪರೀಕ್ಷಾ ಕೇಂದ್ರವೂ ಉದ್ಘಾಟನೆಯಾಯಿತು. ಈ ಐದು ತಾಲ್ಲೂಕುಗಳ ಬಡ ಒಕ್ಕಲು ಮಕ್ಕಳು ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಪದವಿ ಪಡೆದು ಇಂತಹ ಕಾರ್ಖಾನೆಗಳಲ್ಲಿ ಉದ್ಯೋಗ ಹಿಡಿಯುತ್ತಾರೆ. ಅವರ ಸಂಬಳದಿಂದ ಊರಿನ ಮನೆಗಳಿಗೆ ಹೆಂಚು ಬಂದಿದೆ, ತಂಗಿಯರ ಮದುವೆಗಳಾಗಿವೆ. ಆದುದರಿಂದ ಈ ವಿಚಾರ ನಮ್ಮ ಮನೆಯ ವಿಚಾರವೇ ಹೌದು.

ಇನ್ನು ನಿದರ್ಶನಗಳಿಗೆ ಬರೋಣ. ನಮ್ಮ ನೆರೆಯ ಮ್ಯಾನ್ಮಾರ್ ದೇಶದಲ್ಲಿ 2021ರ ಫೆಬ್ರುವರಿ 1ರಂದು ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿ ಅಧಿಕಾರವನ್ನು ಕಿತ್ತುಕೊಂಡಿತು. ಪ್ರತಿಭಟಿಸಿದ ನಾಗರಿಕರ ಮೇಲೆ ಗುಂಡಿನ ಮಳೆಗರೆಯಿತು. ಅದೇ ವರ್ಷದ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯು ಆ ದೇಶಕ್ಕೆ ಆಯುಧಗಳು ಹರಿದುಹೋಗದಂತೆ ತಡೆಯಬೇಕೆಂದು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಕರೆಕೊಟ್ಟ ನಿರ್ಣಯವನ್ನು ಅಂಗೀಕರಿಸಿತು. 119 ರಾಷ್ಟ್ರಗಳು ಪರವಾಗಿ ಮತ ನೀಡಿದವು. ಒಂದು ರಾಷ್ಟ್ರ ವಿರೋಧಿಸಿತು. 36 ರಾಷ್ಟ್ರಗಳು ತಟಸ್ಥವಾಗುಳಿದವು. ಆ ತಟಸ್ಥರ ಪಟ್ಟಿಯಲ್ಲಿ ಭಾರತವೂ ಇತ್ತು. 2023ರ ಏಪ್ರಿಲ್ 11ರಂದು ಸಾಗೈಂಗ್ ಪ್ರಾಂತದ ಪಜಿಗಿ ಎಂಬ ಹಳ್ಳಿಯಲ್ಲಿ ಸಮಾರಂಭವೊಂದಕ್ಕೆ ನೆರೆದಿದ್ದ ಜನರ ಮೇಲೆ ಸೇನೆಯ ವಿಮಾನಗಳು ಬಾಂಬು ಸುರಿದಾಗ ಹೆಂಗಸರು ಮಕ್ಕಳು ಸೇರಿ 160ಕ್ಕೂ ಹೆಚ್ಚು ಮಂದಿ ಮಡಿದರು.

ಇದಾದ ಮರುತಿಂಗಳೇ, ಮ್ಯಾನ್ಮಾರಿನ ಮಾನವ ಹಕ್ಕುಗಳ ಸ್ಥಿತಿಗತಿಯನ್ನು ಪರಿಶೀಲಿಸಲು ವಿಶ್ವಸಂಸ್ಥೆ ನೇಮಿಸಿದ್ದ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಅವರು ಒಂದು ವರದಿಯನ್ನು ಪ್ರಕಟಿಸಿದರು. ಆ ಸೇನಾಕ್ರಮಣದ ಅನಂತರ ಸುಮಾರು 100 ಕೋಟಿ ಡಾಲರ್ ಬೆಲೆಯ ಆಯುಧಗಳೂ ತತ್ಸಂಬಂಧಿ ಸಾಮಗ್ರಿಯೂ ಆ ಸೇನೆಗೆ ಹೋಗಿವೆಯೆಂದು ಅದರಲ್ಲಿ ಲೆಕ್ಕ ಕೊಟ್ಟರು. ರಷ್ಯಾದಿಂದ 40.6 ಕೋಟಿ ಡಾಲರ್, ಚೀನಾದಿಂದ 26.7 ಕೋಟಿ, ಸಿಂಗಪುರದಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡಿನಿಂದ 2.8 ಕೋಟಿ ಡಾಲರ್ ಎಂಬುದು ಆ ಲೆಕ್ಕ. ಭಾರತದ ಪಾಲು ನಮ್ಮ ನಾಣ್ಯದಲ್ಲಿ 400 ಕೋಟಿ ರೂಪಾಯಿಗಿಂತ ತುಸು ಹೆಚ್ಚು. ಸರಬರಾಜು ಮಾಡಿದವರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯನ್ನೂ ವರದಿ ಹೆಸರಿಸಿತು. ಆ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚಿನ ಪಾಲುದಾರಿಕೆ ಕೇಂದ್ರ ಸರ್ಕಾರದ್ದು, ಎಂದರೆ ತೆರಿಗೆ ಕೊಡುವ ನಮ್ಮೆಲ್ಲರದ್ದು.

ನ್ಯಾಯದೃಷ್ಟಿಯಿಂದ ಇಲ್ಲಿ ಎರಡು ಮಾತುಗಳನ್ನು ಸೇರಿಸಬೇಕು. ರಷ್ಯಾ ಚೀನಾಗಳ ಮುಂದೆ ಭಾರತದ ಪಾಲು ಅತ್ಯಲ್ಪ. ಅಲ್ಲದೆ ಪಜಿಗಿಯಲ್ಲಿ ಬಿದ್ದ ಬಾಂಬಿಗೂ ಭಾರತದ ಸರಕಿಗೂ ಸಂಬಂಧವಿದೆಯೆಂದು ಹೇಳುವುದು ಈ ಲೇಖನದ ಅಭಿಪ್ರಾಯವಲ್ಲ. ಪ್ರಶ್ನೆ ಇರುವುದು ಬೇರೆಡೆಯಲ್ಲಿ. ತನ್ನ ಪ್ರಜೆಗಳ ಮೇಲೆಯೇ ವಿಮಾನ ಹಾರಿಸುವ ಸೇನೆಯೊಂದಕ್ಕೆ ನಮ್ಮ ಸಾರ್ವಜನಿಕ ಸಂಸ್ಥೆಯೊಂದು ಸರಕು ಕಳುಹಿಸುವುದು ಯುಕ್ತವೇ ಎಂದು ನಿರ್ಣಯಿಸಿದವರು ಯಾರು? ಆ ನಿರ್ಣಯವನ್ನು ಯಾರ ಮುಂದೆ ಮಂಡಿಸಲಾಯಿತು? ಪಾಲು ಅಲ್ಪವಾದರೆ ಪಾಪವೂ ಅಲ್ಪವೆಂದು ಸಮಾಧಾನಪಟ್ಟುಕೊಳ್ಳುವುದು ವ್ಯಾಪಾರಿಯ ತರ್ಕವಾದೀತೇ ಹೊರತು ಧರ್ಮದ ತರ್ಕವಾಗಲಾರದು.

ಎರಡನೆಯ ನಿದರ್ಶನ ಗಾಜಾಪಟ್ಟಿಯದು. 2023ರ ಅಕ್ಟೋಬರ್ 7ರಂದು ಹಮಾಸ್ ಸಂಘಟನೆಯವರು ಇಸ್ರೇಲಿನ ನಾಗರಿಕರ ಮೇಲೆ ನಡೆಸಿದ ದಾಳಿ ಅಮಾನುಷವಾದುದು. ಅದರ ತರುವಾಯ ಗಾಜಾದಲ್ಲಿ ನಡೆದ ಯುದ್ಧದಲ್ಲಿ ಮಡಿದ ಸಹಸ್ರಾರು ಹೆಂಗಸರು ಮಕ್ಕಳ ಸಂಗತಿಯೂ ಅಷ್ಟೇ ಹೃದಯವಿದ್ರಾವಕ. 2024ರ ಜನವರಿ 26ರಂದು ಅಂತರರಾಷ್ಟ್ರೀಯ ನ್ಯಾಯಾಲಯವು ನರಮೇಧ ನಿಷೇಧ ಒಪ್ಪಂದಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಇಸ್ರೇಲಿಗೆ ಮಧ್ಯಂತರ ಆದೇಶಗಳನ್ನು ನೀಡಿತು. ಅದೇ ವರ್ಷ ನಮ್ಮ ದೇಶದ ಹನ್ನೊಂದು ಮಂದಿ ನಾಗರಿಕರು, ಅವರಲ್ಲಿ ನಿವೃತ್ತ ಅಧಿಕಾರಿಗಳೂ ವಿದ್ವಾಂಸರೂ ಇದ್ದರು, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸರ್ಕಾರಿ ಸ್ವಾಮ್ಯದ ಒಂದು ಸಂಸ್ಥೆಯೂ ಸೇರಿದಂತೆ ಭಾರತದ ಕೆಲವು ಸಂಸ್ಥೆಗಳಿಗೆ ಇಸ್ರೇಲಿಗೆ ಆಯುಧ ಸಾಮಗ್ರಿ ಕಳುಹಿಸಲು ಪರವಾನಗಿ ದೊರೆತಿದೆ, ಅದನ್ನು ರದ್ದುಪಡಿಸಬೇಕು, ಹೊಸದನ್ನು ಕೊಡಬಾರದು ಎಂಬುದು ಅವರ ಬಿನ್ನಹ.

ಮುಖ್ಯ ನ್ಯಾಯಮೂರ್ತಿಗಳನ್ನೊಳಗೊಂಡ ಪೀಠವು 2024ರ ಸೆಪ್ಟೆಂಬರ್ 9ರಂದು ಆ ಅರ್ಜಿಯನ್ನು ವಜಾಗೊಳಿಸಿತು. ವಿದೇಶಾಂಗ ನೀತಿಯ ನಿರ್ವಹಣೆ ನ್ಯಾಯಾಲಯದ ಕ್ಷೇತ್ರವಲ್ಲ. ಪರದೇಶಗಳೊಡನೆ ಮಾಡಿಕೊಂಡ ಕರಾರುಗಳನ್ನು ಮುರಿಯುವಂತೆ ನ್ಯಾಯಾಲಯ ಆಜ್ಞಾಪಿಸಿದರೆ ಅದರ ಪರಿಣಾಮಗಳನ್ನು ಊಹಿಸುವುದು ಕಷ್ಟ ಎಂಬುದು ತೀರ್ಪಿನ ಸಾರ. ಈ ತೀರ್ಪನ್ನು ಹಲವರು ಹಳಿದರು, ಹಲವರು ಹೊಗಳಿದರು. ಆದರೆ ಅದರಿಂದ ಹೊರಡುವ ಮುಖ್ಯ ಸೂಚನೆಯನ್ನು ಗಮನಿಸಿದವರು ವಿರಳ. ಆಯುಧ ಕಳುಹಿಸುವುದು ಸರಿಯೆಂದು ನ್ಯಾಯಾಲಯ ಹೇಳಲಿಲ್ಲ; ಅದನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ ಎಂದಿತು. ಹಾಗಾದರೆ ಅದು ಯಾರ ಕೆಲಸ? ಸರ್ಕಾರದ್ದು. ಸರ್ಕಾರ ಯಾರಿಗೆ ಉತ್ತರದಾಯಿ? ಲೋಕಸಭೆಗೆ. ಲೋಕಸಭೆಯ ಸದಸ್ಯರು ಯಾರಿಗೆ ಉತ್ತರದಾಯಿಗಳು? ಮತ ನೀಡಿದ ನಮಗೆ. ನ್ಯಾಯಾಲಯ ಮುಚ್ಚಿದ ಬಾಗಿಲಿನಿಂದ ಹೊರಟ ದಾರಿ ನೇರವಾಗಿ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಸಂವಿಧಾನವು ಈ ವಿಷಯದಲ್ಲಿ ಮೂಕವಾಗಿಲ್ಲ. ಅಂತರರಾಷ್ಟ್ರೀಯ ಶಾಂತಿಯನ್ನು ಪೋಷಿಸುವುದೂ ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಗೌರವ ಬೆಳೆಸುವುದೂ ರಾಜ್ಯದ ಪ್ರಯತ್ನವಾಗಬೇಕೆಂದು ಅದರ 51ನೆಯ ಅನುಚ್ಛೇದ ವಿಧಿಸುತ್ತದೆ. ಯುದ್ಧದಲ್ಲಿಯೂ ನಾಗರಿಕರಿಗೆ ರಕ್ಷಣೆಯಿರಬೇಕೆಂದು ಸಾರುವ 1949ರ ಜಿನೀವಾ ಒಪ್ಪಂದಗಳಿಗೆ ಭಾರತ ಬದ್ಧವಾಗಿದೆ. 1960ರಲ್ಲಿ ಅದಕ್ಕಾಗಿ ನಮ್ಮ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೂ ಮಾಡಿದೆ. ಆ ಒಪ್ಪಂದಗಳ ಮೊದಲನೆಯ ವಿಧಿಯು ತಾನು ಪಾಲಿಸಿದರೆ ಸಾಲದು, ಇತರರೂ ಪಾಲಿಸುವಂತೆ ನೋಡಿಕೊಳ್ಳಬೇಕು ಎಂಬ ಹೊಣೆಯನ್ನು ಹೊರಿಸುತ್ತದೆ. ಆದರೆ ನಾಗರಿಕರ ಮೇಲೆ ಪ್ರಯೋಗವಾಗುವ ಸಂಭವವಿದ್ದಲ್ಲಿ ಆಯುಧ ಮಾರಕೂಡದೆಂದು ವಿಧಿಸುವ ಆಯುಧ ವ್ಯಾಪಾರ ಒಪ್ಪಂದ 2013ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು. ಇಂದಿಗೂ ಅದಕ್ಕೆ ಸಹಿ ಹಾಕಿಲ್ಲ. ಆ ಒಪ್ಪಂದವು ಮಾರುವವರ ಪಕ್ಷಪಾತಿ ಎಂಬುದು ಅಂದಿನ ನಮ್ಮ ಆಕ್ಷೇಪ. ಕೊಳ್ಳುವ ದೇಶವಾಗಿದ್ದ ಅಂದು ಆ ಆಕ್ಷೇಪಕ್ಕೆ ಒಂದಿಷ್ಟು ಅರ್ಥವಿತ್ತು. ಮಾರುವ ದೇಶವಾಗಲು ಹೊರಟಿರುವ ಈ ದಿನಗಳಲ್ಲಿ ಅದನ್ನೇ ಹಿಡಿದು ಕೂರುವುದು ವಿಚಾರಶೀಲತೆಯಲ್ಲ.

ಸಂಸತ್ತಿನೊಳಗೆ ನಡೆಯುವುದೇನು? ಸಂವಿಧಾನದ 113ನೆಯ ಅನುಚ್ಛೇದದಂತೆ ಪ್ರತಿಯೊಂದು ಇಲಾಖೆಯ ವೆಚ್ಚದ ಬೇಡಿಕೆಯೂ ಲೋಕಸಭೆಯ ಮತಕ್ಕೆ ಬರಬೇಕು. ಚರ್ಚಿಸಿ ಒಪ್ಪಬಹುದು, ಕಡಿತಗೊಳಿಸಬಹುದು, ತಿರಸ್ಕರಿಸಲೂಬಹುದು. ಆದರೆ ಸಮಯದ ಅಭಾವವೆಂಬ ಕಾರಣದಿಂದ ಹಲವಾರು ಇಲಾಖೆಗಳ ಬೇಡಿಕೆಗಳು ಕೊನೆಯ ದಿನ ಚರ್ಚೆಯೇ ಇಲ್ಲದೆ ಒಟ್ಟಾಗಿ ಅಂಗೀಕಾರವಾಗುವುದು ರೂಢಿಯಾಗಿದೆ. ಎಷ್ಟೋ ವರ್ಷಗಳಲ್ಲಿ ರಕ್ಷಣೆಯ ಬೇಡಿಕೆಯೂ ಅದೇ ಗುಂಪಿನಲ್ಲಿ ಹೋಗಿದೆ. ಮೈಲಾರದ ಕಾರಣಿಕದ ಒಂದೇ ಒಂದು ನುಡಿಯನ್ನು ಹಡಗಲಿಯಿಂದ ಹಾವೇರಿಯವರೆಗೆ ಜನ ವರ್ಷವಿಡೀ ತಿರುವಿ ತಿರುವಿ ಅರ್ಥೈಸುತ್ತಾರೆ. ಲಕ್ಷಾಂತರ ಕೋಟಿ ರೂಪಾಯಿಯ ಬೇಡಿಕೆಯನ್ನು ನಮ್ಮ ಪ್ರತಿನಿಧಿಗಳು ಒಂದು ಗಳಿಗೆಯಾದರೂ ತಿರುವಿ ನೋಡಬಾರದೇ?

ಆಯುಧದ ವಿಚಾರವಾಗಿ ನಮ್ಮ ಸಂಸತ್ತು ಎಂದೂ ಕಾವೇರಲಿಲ್ಲವೆಂದಲ್ಲ. 1987ರಲ್ಲಿ ಬೋಫೋರ್ಸ್ ಪ್ರಕರಣ ಹೊರಬಿದ್ದಾಗ ಸದನ ವಾರಗಟ್ಟಲೆ ಹೊತ್ತಿ ಉರಿಯಿತು. ಚಿಕ್ಕೋಡಿಯ ಬಿ. ಶಂಕರಾನಂದರ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ನೇಮಕವಾಗಿ 1988ರಲ್ಲಿ ವರದಿಯನ್ನೂ ಸಲ್ಲಿಸಿತು. ಆದರೆ ಅಂದಿನ ರೋಷವೆಲ್ಲ ಲಂಚವನ್ನು ಕುರಿತದ್ದು. ಹಣ ಯಾರ ಜೇಬಿಗೆ ಹೋಯಿತೆಂಬುದನ್ನು ಕುರಿತದ್ದು. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಹಣದ ಜಾಡನ್ನು ಹಿಡಿದಷ್ಟು ಆಸಕ್ತಿಯಿಂದ ಗುಂಡಿನ ಜಾಡನ್ನೂ ಹಿಡಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಲಂಚವಿಲ್ಲದೆ ಮಾರಿದ ಆಯುಧವೂ ಕೂಸನ್ನು ಕೊಲ್ಲಬಲ್ಲುದೆಂಬ ಸರಳ ಸತ್ಯ ನಮ್ಮ ರಾಜಕೀಯ ಚರ್ಚೆಗೆ ಒಳಪಟ್ಟೇ ಇಲ್ಲ.

ಇಲ್ಲಿ 1971ರ ಇತಿಹಾಸವನ್ನು ನೆನೆಯಬೇಕು. ಪೂರ್ವ ಬಂಗಾಳದ ನಿರಾಯುಧ ಜನರ ಮೇಲೆ ಪಾಕಿಸ್ತಾನದ ಸೇನೆ ಮುಗಿಬಿದ್ದಾಗ ನಮ್ಮ ಸಂಸತ್ತು ಮಾರ್ಚ್ 31ರಂದು ಸರ್ವಾನುಮತದ ನಿರ್ಣಯವನ್ನು ಅಂಗೀಕರಿಸಿ, ಆ ಹತ್ಯೆಯನ್ನು ನಿಲ್ಲಿಸುವಂತೆ ಒತ್ತಾಯಿಸಬೇಕೆಂದು ಜಗತ್ತಿನ ಎಲ್ಲ ಜನರನ್ನೂ ಸರ್ಕಾರಗಳನ್ನೂ ಕೇಳಿಕೊಂಡಿತು. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದರು. ಅಷ್ಟಾದರೂ ಅಮೆರಿಕದ ಬಂದರುಗಳಿಂದ ಪಾಕಿಸ್ತಾನಕ್ಕೆ ಸೇನಾ ಸಾಮಗ್ರಿ ಹಡಗೇರುತ್ತಲೇ ಇತ್ತು. ಆ ಸುದ್ದಿ ಜೂನ್ ತಿಂಗಳಲ್ಲಿ ಹೊರಬಿದ್ದಾಗ ಭಾರತ ತೀವ್ರವಾಗಿ ಪ್ರತಿಭಟಿಸಿತು. ಜುಲೈ ತಿಂಗಳಲ್ಲಿ ‘ಪದ್ಮಾ’ ಎಂಬ ಪಾಕಿಸ್ತಾನಿ ಹಡಗು ಬಾಲ್ಟಿಮೋರ್ ಬಂದರಿಗೆ ಬಂದಾಗ ಅಮೆರಿಕದ ಸಾಮಾನ್ಯ ನಾಗರಿಕರು ಪುಟ್ಟ ಪುಟ್ಟ ದೋಣಿಗಳಲ್ಲಿ ಕುಳಿತು ಅದಕ್ಕೆ ಅಡ್ಡಬಂದು ಸೆರೆಯಾದರು. ಚರ್ಚ್ ಮತ್ತು ಸ್ಯಾಕ್ಸ್‌ಬಿ ಎಂಬ ಇಬ್ಬರು ಸೆನೆಟರುಗಳು, ಭಿನ್ನ ಪಕ್ಷಗಳವರಾಗಿದ್ದರೂ ಜೊತೆಗೂಡಿ, ಪಾಕಿಸ್ತಾನಕ್ಕೆ ಕೊಡುವ ನೆರವನ್ನು ತಡೆಹಿಡಿಯಬೇಕೆಂದು ತಿದ್ದುಪಡಿ ತಂದರು. ನವೆಂಬರ್ ತಿಂಗಳಲ್ಲಿ ಅಲ್ಲಿನ ಸರ್ಕಾರ ಉಳಿದಿದ್ದ ಆಯುಧ ಪರವಾನಗಿಗಳನ್ನು ರದ್ದುಪಡಿಸಿತು.

ಆ ದೋಣಿಯವರನ್ನೂ ಆ ಸೆನೆಟರುಗಳನ್ನೂ ಅಂದು ನಾವು ಮಾನವೀಯತೆಯ ಬಂಧುಗಳೆಂದು ಆದರಿಸಿದೆವು. ಅದು ನಿಮ್ಮ ವಿದೇಶಾಂಗ ನೀತಿ, ನಿಮ್ಮ ವ್ಯಾಪಾರದ ಗುಟ್ಟು, ನಾವು ಕೇಳುವಂತಿಲ್ಲ ಎಂದು ಭಾರತ ಸುಮ್ಮನಿರಲಿಲ್ಲ. ಪೂರ್ವ ಬಂಗಾಳವನ್ನು ತೊರೆದು ಬಂದ ಹಿಂದೂ ಕುಟುಂಬಗಳಲ್ಲಿ ಕೆಲವಕ್ಕೆ ತುಂಗಭದ್ರೆಯ ಆಚೆ ದಡದ ಸಿಂಧನೂರು ಸೀಮೆಯಲ್ಲಿ ನೆಲೆ ದೊರೆತದ್ದನ್ನು ನಮ್ಮ ಭಾಗದವರು ಬಲ್ಲರು. ಮನೆ ಕಳೆದುಕೊಂಡು ಬಂದವರ ಸಂಕಟ ಏನೆಂಬುದೂ ನಮಗೆ ತಿಳಿಯದ್ದಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ ಭಾಗದ ನದೀತೀರದ ಹಳ್ಳಿಗಳು ಮುಳುಗಿದಾಗ ಹೊಸ ಊರು ಕಟ್ಟಿಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹಳೆಯ ಊರಿನ ಹೆಸರು ಹೇಳಿ ನಿಟ್ಟುಸಿರಿಡುತ್ತಾರೆ. ನೀರು ನಿಧಾನವಾಗಿ ಏರಿತು. ಬಾಂಬು ಆ ವ್ಯವಧಾನವನ್ನೂ ಕೊಡುವುದಿಲ್ಲ. 1971ರಲ್ಲಿ ಅಮೆರಿಕದ ಶಾಸನಕರ್ತರಿಂದ ನಾವು ಏನನ್ನು ಬಯಸಿದೆವೋ ಅದನ್ನೇ ನಮ್ಮ ಶಾಸನಕರ್ತರಿಂದ ಬಯಸದಿದ್ದರೆ ಅಂದಿನ ನಮ್ಮ ಬೇಡಿಕೆ ಧರ್ಮದ್ದಾಗಿರಲಿಲ್ಲ, ಬರಿಯ ಸ್ವಾರ್ಥದ್ದಾಗಿತ್ತು ಎಂದು ಒಪ್ಪಿಕೊಂಡಂತಾಗುತ್ತದೆ.

ಯುದ್ಧವನ್ನು ಕುರಿತು ಕನ್ನಡ ಪರಂಪರೆ ತಳೆದ ನಿಲುವನ್ನೂ ಇಲ್ಲಿ ಪರಿಶೀಲಿಸುವುದು ಉಚಿತ. ನಮ್ಮದು ಹೇಡಿಗಳ ಪರಂಪರೆಯಲ್ಲ. ಈ ಸೀಮೆಯ ಊರೂರಿನ ಅಗಸೆಯ ಬಳಿಯೂ ಗುಡಿಯ ಹಿಂದೆಯೂ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಆದರೆ ಆ ಕಲ್ಲುಗಳು ಗೌರವಿಸಿದ್ದು ಯಾರನ್ನು ಎಂಬುದನ್ನು ವಿಚಾರಿಸಬೇಕು. ತುರುಗೊಳ್ ಎಂದರೆ ಊರ ದನಗಳನ್ನು ಹೊಡೆದೊಯ್ಯುವವರನ್ನು ಅಡ್ಡಗಟ್ಟಿ ಸತ್ತವನನ್ನು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆಯನ್ನು ಕೇಳಿ ಓಡಿಬಂದು ಸತ್ತವನನ್ನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ದೇವಕನ್ಯೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ. ದುರ್ಬಲರ ರಕ್ಷಣೆಗೆ ತನ್ನ ಒಡಲನ್ನೇ ಒಡ್ಡಿದವನಿಗೆ ಈ ಮೂರನೆಯ ಪಟ್ಟಿಕೆ ಲಭ್ಯ. ಊರು ಸುಡಲು ಬಂದವನಿಗೆ ಕತ್ತಿ ಮಾರಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು ನಮ್ಮ ಪೂರ್ವಜರ ಕಲ್ಪನೆಗೂ ಬಂದದ್ದಲ್ಲ.

ಹತ್ತನೆಯ ಶತಮಾನದ ರನ್ನಕವಿಯ ಗದಾಯುದ್ಧವನ್ನು ನೋಡಿ. ಕಾವ್ಯದ ಹೆಸರು ಸಾಹಸಭೀಮನ ವಿಜಯವಾದರೂ ಓದುಗನ ಮನಸ್ಸಿನಲ್ಲಿ ಉಳಿಯುವುದು ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುವ ಭಾಗ. ಗುರುವಿನ, ತಮ್ಮನ, ಮಗನ, ಗೆಳೆಯನ ಹೆಣಗಳ ನಡುವೆ ಅವನು ಕಾಲಿಟ್ಟು ಸಾಗಬೇಕು. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಕಳೇಬರದ ಮುಂದೆಯೂ ನಿಲ್ಲಬೇಕು. ಯುದ್ಧವನ್ನು ಬಯಸಿದವನಿಗೆ ಯುದ್ಧದ ಫಲವನ್ನು ತೋರಿಸದೆ ಬಿಡಬಾರದೆಂಬುದು ಆ ಮಹಾಕವಿಯ ನಿರ್ಧಾರ. ಛಲದ ಮೂರ್ತಿಯಾದ ಆ ದೊರೆಗೂ ಇಲ್ಲದ ಸೌಕರ್ಯ ಇಂದಿನ ಆಯುಧ ವ್ಯಾಪಾರಕ್ಕೆ ದೊರೆತಿದೆ. ಬೇಡಿಕೆಗೆ ಕೈಯೆತ್ತಿದವರು, ಪರವಾನಗಿಗೆ ಸಹಿ ಹಾಕಿದವರು, ಲಾಭದ ಪಾಲು ಪಡೆದವರು ಯಾರೊಬ್ಬರೂ ಆ ರಣರಂಗದಲ್ಲಿ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ. ಕಣ್ಣಿಗೆ ಕಾಣದ್ದು ಮನಸ್ಸಿಗೆ ತಟ್ಟುವುದಿಲ್ಲ. ಆದುದರಿಂದಲೇ ಲೆಕ್ಕಪತ್ರವನ್ನು ಕಣ್ಣ ಮುಂದೆ ಇಡಿಸುವ ಕಾನೂನು ಬೇಕಾಗುತ್ತದೆ.

ಈ ವಾದಕ್ಕೆ ಆಕ್ಷೇಪಗಳಿವೆ. ಅವು ತಳ್ಳಿಹಾಕುವಂಥವಲ್ಲ. ನಾವು ಮಾರದಿದ್ದರೆ ಚೀನಾ ಮಾರುತ್ತದೆ, ನೆರೆರಾಷ್ಟ್ರ ಅದರ ತೆಕ್ಕೆಗೆ ಬೀಳುತ್ತದೆ, ನಮ್ಮ ಈಶಾನ್ಯ ಗಡಿಯ ಭದ್ರತೆಗೆ ಕೇಡಾಗುತ್ತದೆ ಎಂಬುದು ಮೊದಲನೆಯದು. ಆದರೆ ಚೀನಾ ಈಗಾಗಲೇ ನಮ್ಮ ಐದರಷ್ಟು ಮಾರಿದೆಯೆಂದು ಮೇಲಿನ ಅಂಕಿಗಳೇ ಹೇಳುತ್ತವೆ; ನಮ್ಮ ಅಲ್ಪ ಪಾಲಿನಿಂದ ಅದರ ಪ್ರಭಾವ ತಗ್ಗಿತೆನ್ನಲು ಆಧಾರವಿಲ್ಲ. ಅನ್ಯರು ಮಾಡುವ ತಪ್ಪು ನಮ್ಮ ತಪ್ಪಿಗೆ ಸಮರ್ಥನೆಯಾಗುವುದಾದರೆ ನೀತಿಯೆಂಬ ಶಬ್ದವನ್ನೇ ಕೈಬಿಡಬೇಕಾದೀತು. ಎರಡನೆಯದು ಉದ್ಯೋಗದ ಆಕ್ಷೇಪ. ಕಾರ್ಖಾನೆಗಳನ್ನು ಮುಚ್ಚಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಆ ಕಾರ್ಖಾನೆಗಳಿಗೆ ನಮ್ಮ ಸ್ವಂತ ಸೇನೆಯ ಬೇಡಿಕೆಯೇ ಸಾಕಷ್ಟಿದೆ. ಹೊರದೇಶದ ಗ್ರಾಹಕರನ್ನು ಆರಿಸುವಾಗ ವಿವೇಕವಿರಲಿ ಎಂಬಷ್ಟೇ ಕೇಳಿಕೆ. ಗಡಿಯಲ್ಲಿ ನಿಂತ ನಮ್ಮ ಯೋಧನ ಕೈಯಲ್ಲಿರುವ ಬಂದೂಕಿನ ಬಗ್ಗೆ ಈ ಲೇಖನದಲ್ಲಿ ಒಂದಕ್ಷರದ ತಕರಾರೂ ಇಲ್ಲ.

ಮೂರನೆಯ ಆಕ್ಷೇಪ ಗೋಪ್ಯತೆಯದು. ಆಯುಧ ಮಾರಾಟದ ವಿವರಗಳನ್ನು ಬಹಿರಂಗಪಡಿಸಿದರೆ ರಾಷ್ಟ್ರಹಿತಕ್ಕೆ ಧಕ್ಕೆಯಾಗುತ್ತದೆ ಎನ್ನುತ್ತಾರೆ. ಅಮೆರಿಕದಲ್ಲಿ 1976ರ ಕಾಯಿದೆಯಂತೆ ದೊಡ್ಡ ಆಯುಧ ಮಾರಾಟಗಳನ್ನು ಮುಂಚಿತವಾಗಿ ಅಲ್ಲಿನ ಶಾಸನಸಭೆಗೆ ತಿಳಿಸಲೇಬೇಕು. ಸಭೆ ಬಯಸಿದರೆ ತಡೆಯಲು ನಿರ್ಣಯ ತರಬಹುದು. ಬ್ರಿಟನ್ನಿನ ಸರ್ಕಾರ 2024ರ ಸೆಪ್ಟೆಂಬರ್ 2ರಂದು, ಗಾಜಾದಲ್ಲಿ ಯುದ್ಧನಿಯಮಗಳ ಉಲ್ಲಂಘನೆಗೆ ಬಳಕೆಯಾಗುವ ಸ್ಪಷ್ಟ ಅಪಾಯವಿದೆಯೆಂದು ಹೇಳಿ, ಇಸ್ರೇಲಿಗೆ ಸಂಬಂಧಿಸಿದ ಸುಮಾರು 350 ಪರವಾನಗಿಗಳಲ್ಲಿ 30ನ್ನು ಅಮಾನತ್ತಿನಲ್ಲಿಟ್ಟು ಅದನ್ನು ಪಾರ್ಲಿಮೆಂಟಿನಲ್ಲಿಯೇ ಪ್ರಕಟಿಸಿತು. ಯುದ್ಧವಿಮಾನದ ಬಿಡಿಭಾಗಗಳನ್ನು ಹೊರಗಿಟ್ಟದ್ದರಿಂದ ಅದು ಅರೆಮನಸ್ಸಿನ ಕ್ರಮವೆಂಬ ಟೀಕೆಗೆ ಗುರಿಯಾಯಿತು. ಆ ದೇಶಗಳ ಕೈಯೇನೂ ಶುದ್ಧವಲ್ಲ. ಆದರೆ ಅಲ್ಲಿ ಕೇಳುವ ವ್ಯವಸ್ಥೆಯಾದರೂ ಇದೆ. ನಮ್ಮಲ್ಲಿ ಪರವಾನಗಿ ಕೊಡುವುದು 1992ರ ವಿದೇಶ ವ್ಯಾಪಾರ ಕಾಯಿದೆಯ ಕೆಳಗೆ, ರಕ್ಷಣಾ ಉತ್ಪಾದನಾ ಇಲಾಖೆಯ ಕಡತಗಳಲ್ಲಿ. ಯಾವ ದೇಶಕ್ಕೆ ಯಾವ ಪರವಾನಗಿಯೆಂದು ಸಂಸತ್ತಿನ ಮುಂದಿಡಬೇಕೆಂಬ ಕಟ್ಟುಪಾಡಿಲ್ಲ.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲನೆಯದಾಗಿ, ಯಾವ ದೇಶಕ್ಕೆ ಯಾವ ಬಗೆಯ ಆಯುಧ ಎಷ್ಟು ಹೋಯಿತೆಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಂಸತ್ತಿನಲ್ಲಿ ಮಂಡಿಸಬೇಕು. ಎರಡನೆಯದಾಗಿ, ನಾಗರಿಕರ ಮೇಲೆ ಪ್ರಯೋಗವಾಗುವ ಸ್ಪಷ್ಟ ಸಂಭವವಿದ್ದಲ್ಲಿ ಪರವಾನಗಿ ಕೊಡಕೂಡದು, ಕೊಟ್ಟಿದ್ದರೆ ಹಿಂತೆಗೆದುಕೊಳ್ಳಬೇಕು ಎಂಬ ನಿಯಮ ಕಾನೂನಿನಲ್ಲಿಯೇ ಸೇರಬೇಕು. ಮೂರನೆಯದಾಗಿ, 1993ರಿಂದ ಇರುವ ರಕ್ಷಣಾ ವಿಷಯಗಳ ಸ್ಥಾಯೀ ಸಮಿತಿಗೆ ಇಂತಹ ಮಾರಾಟಗಳನ್ನು ಪರಿಶೀಲಿಸುವ ಅಧಿಕಾರ ಬೇಕು. ನಾಲ್ಕನೆಯದಾಗಿ, ಆಯುಧ ಕೊಳ್ಳಲೆಂದೇ ಪರದೇಶಗಳಿಗೆ ನಮ್ಮ ಸರ್ಕಾರ ಸಾಲ ಕೊಡುವ ಪದ್ಧತಿಯಿದೆ. 2016ರಲ್ಲಿ ವಿಯೆಟ್ನಾಂಗೆ ಘೋಷಿಸಿದ 50 ಕೋಟಿ ಡಾಲರ್ ಇದಕ್ಕೊಂದು ಉದಾಹರಣೆ. ಅಂತಹ ಸಾಲ ತೆರಿಗೆದಾರರ ಹಣ. ಅದನ್ನು ಪಡೆಯುವ ಸೇನೆಯ ನಡತೆಯನ್ನು ಮೊದಲು ವಿಚಾರಿಸಬೇಕು.

ಈ ಬೇಡಿಕೆಯನ್ನು ಯಾರ ಮುಂದಿಡಬೇಕೆಂಬುದರಲ್ಲಿ ಗೊಂದಲವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳು ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಹರಪನಹಳ್ಳಿ ವಿಜಯನಗರ ಜಿಲ್ಲೆಯಲ್ಲಿದ್ದರೂ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿದೆ. ಎಂದರೆ ಈ ಐದು ತಾಲ್ಲೂಕುಗಳ ಮಾತು ಲೋಕಸಭೆಯ ಇಬ್ಬರು ಸದಸ್ಯರ ಕಿವಿಗೆ ಬೀಳಬಲ್ಲುದು. ಅವರು ಯಾವ ಪಕ್ಷದವರೇ ಆಗಿರಲಿ, ಮತ ಕೇಳಲು ಬಂದಾಗ ರಸ್ತೆ ನೀರುಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು. ಪತ್ರ ಬರೆಯಬೇಕು, ಗ್ರಾಮಸಭೆಗಳಲ್ಲಿ ನಿರ್ಣಯ ಮಾಡಿ ಕಳುಹಿಸಬೇಕು. ವಿಧಾನಸಭೆಯೂ ಹೊಣೆಯಿಂದ ಹೊರತಲ್ಲ. 2022-27ರ ವೈಮಾನಿಕ ಮತ್ತು ರಕ್ಷಣಾ ನೀತಿಯ ಮೂಲಕ ರಾಜ್ಯ ಸರ್ಕಾರ ಈ ಉದ್ಯಮಕ್ಕೆ ರಿಯಾಯಿತಿ, ಪ್ರೋತ್ಸಾಹಧನಗಳನ್ನು ಒದಗಿಸುತ್ತದೆ. ದೇವನಹಳ್ಳಿಯ ಬಳಿ ಅಂತಹ ಉದ್ಯಾನಕ್ಕಾಗಿ ಗುರುತಿಸಿದ್ದ 1,777 ಎಕರೆಯನ್ನು ರೈತರ ದೀರ್ಘ ಹೋರಾಟದ ಫಲವಾಗಿ 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಜನ ಒಕ್ಕೊರಲಿನಿಂದ ಕೇಳಿದರೆ ಆಳುವವರು ಆಲಿಸುತ್ತಾರೆಂಬುದಕ್ಕೆ ಇದು ಹೊಸ ನಿದರ್ಶನ. ಅಲ್ಲಿ ಭೂಮಿ ಯಾರದೆಂಬ ಪ್ರಶ್ನೆ ಎದ್ದಿತು. ಅಲ್ಲಿ ತಯಾರಾಗುವ ವಸ್ತು ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆಯೂ ಇನ್ನು ಮುಂದೆ ಏಳಬೇಕು.

ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಈ ಲೇಖನ ದೂಷಿಸುವುದಿಲ್ಲ. ಅವರ ಕೈ ಬೆಸುಗೆ ಹಾಕಿದ ತಂತಿ ಯಾವ ದೇಶಕ್ಕೆ ಹೋಗಬೇಕೆಂದು ನಿರ್ಧರಿಸುವವರು ಅವರಲ್ಲ. ಆದರೆ ಅವರಲ್ಲಿ ವಕೀಲರಿದ್ದಾರೆ, ಅಧ್ಯಾಪಕರಿದ್ದಾರೆ, ಪತ್ರಕರ್ತರಿದ್ದಾರೆ, ಪಂಚಾಯಿತಿಯಿಂದ ಶಾಸನಸಭೆಯವರೆಗೆ ಸ್ಥಾನಮಾನ ಪಡೆದವರೂ ಇದ್ದಾರೆ. ದಾಸೋಹದ ಅನ್ನವುಂಡವನಿಗೆ ಹಸಿದವನ ಮುಖ ನೆನಪಿರಬೇಕೆಂದು ಮಠಗಳು ಕಲಿಸಿದವು. ಆ ಹಸಿದವನು ನಮ್ಮ ಭಾಷೆಯವನೇ, ನಮ್ಮ ಮತದವನೇ, ನಮ್ಮ ದೇಶದವನೇ ಆಗಿರಬೇಕೆಂದು ಎಂದೂ ಕಲಿಸಲಿಲ್ಲ.

ಕೂಡ್ಲಿಗಿಯಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಪ್ರತಿವರ್ಷ ಅಧಿಕಾರಿಗಳೂ ಜನಪ್ರತಿನಿಧಿಗಳೂ ಅಲ್ಲಿಗೆ ಬಂದು ಹಾರ ಹಾಕಿ ಹೋಗುತ್ತಾರೆ. ಆ ದಿನ ಅವರ ಕೈಗೆ ಹಾರದ ಜೊತೆಯಲ್ಲಿ ಒಂದು ಬಿನ್ನವತ್ತಳೆಯನ್ನೂ ನಾವು ಕೊಡೋಣ. ಅದರಲ್ಲಿ ದೊಡ್ಡ ಮಾತುಗಳು ಬೇಡ. ನಮ್ಮ ತೆರಿಗೆಯ ಹಣದಿಂದ ತಯಾರಾದ ಆಯುಧ ಎಲ್ಲಿಗೆ ಹೋಯಿತು, ಯಾರ ಮೇಲೆ ಬಿತ್ತು ಎಂಬುದನ್ನು ಲೆಕ್ಕವಿಟ್ಟು ಹೇಳಿ. ನಿರಪರಾಧಿಗಳ ಮೇಲೆ ಬೀಳುವುದಾದರೆ ಕಳುಹಿಸಬೇಡಿ ಎಂಬೆರಡು ವಾಕ್ಯಗಳಿದ್ದರೆ ಸಾಕು. ಸದ್ಭಕ್ತರೂ ಮಠದ ಹಳೆಯ ವಿದ್ಯಾರ್ಥಿಗಳೂ ಈ ಕಾರ್ಯಕ್ಕೆ ಮೊದಲಿಗರಾಗಬೇಕೆಂದು ವಿನಂತಿ.